ಪುಳಿಯೋಗರೆ ಸಿಕ್ಕಿತು, ಹೆಸರು ಕೇಳುವವರು ಸಿಗಲಿಲ್ಲ

ನ್ಯೂಜೆರ್ಸಿಗೆ ಓದಲು ಬಂದ ಮೊದಲ ವರ್ಷ ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗುತ್ತಿದ್ದೆ. ದರ್ಶನ, ತೀರ್ಥ, ಆಮೇಲೆ ಕ್ಯಾಂಟೀನಿನಲ್ಲಿ ಪುಳಿಯೋಗರೆ. ನಿಜ ಹೇಳಬೇಕೆಂದರೆ ಭಕ್ತಿಗಿಂತ ಪುಳಿಯೋಗರೆಯ ಸೆಳೆತವೇ ಜಾಸ್ತಿ. ಎಂಟು ತಿಂಗಳಲ್ಲಿ ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ ಅನ್ನಿ.

ನನ್ನ ಲ್ಯಾಬಿನ ಹುಡುಗನೊಬ್ಬ ಚರ್ಚಿಗೆ ಹೋಗುತ್ತಿದ್ದ. ಒಂದು ಭಾನುವಾರ ತಪ್ಪಿಸಿಕೊಂಡರೆ ಸಂಜೆಯೊಳಗೆ ಎರಡು ಫೋನ್ ಬರುತ್ತಿದ್ದವು. ಬುಧವಾರ ಏಳೆಂಟು ಜನ ಯಾರದೋ ಮನೆಯಲ್ಲಿ ಸೇರಿ ಬೈಬಲ್ ಓದಿ, ಊಟ ಮಾಡಿ ಹೋಗುತ್ತಿದ್ದರು. ನನಗೆ ಜ್ವರ ಬಂದಾಗ ಸೂಪ್ ತಂದುಕೊಟ್ಟವನೂ ಅವನೇ. ಅದರಲ್ಲಿ ಕೋಳಿ ಇತ್ತು, ಆ ಕತೆ ಬೇರೆ.

ನಂಬಿಕೆ ಇದ್ದವರು ನೆಮ್ಮದಿಯಾಗಿರುತ್ತಾರೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ವಾ? 2010ರಲ್ಲಿ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಎಂಬ ಸಮಾಜ ಸಂಶೋಧಕರು ಅಮೆರಿಕದವರ ಬಗ್ಗೆ ಇದನ್ನೇ ಕೆದಕಿ ನೋಡಿದರು. ಪ್ರಾರ್ಥನೆಗೆ ತಪ್ಪದೆ ಹೋಗುವವರಲ್ಲಿ ಬದುಕಿನ ತೃಪ್ತಿ ಹೆಚ್ಚು ಕಂಡಿತು, ಆದರೆ ಅಲ್ಲಿ ಆಪ್ತ ಗೆಳೆಯರು ಇದ್ದರೆ ಮಾತ್ರ. ಒಂಟಿಯಾಗಿ ಹೋಗಿ ಬರುವವರಿಗೆ ಆ ಲಾಭ ಇಲ್ಲ. ಓದಿದಾಗ ನನ್ನ ಶನಿವಾರಗಳೇ ಕಣ್ಣ ಮುಂದೆ ಬಂದವು.

ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಆಗಿದ್ದ ವಿವೇಕ್ ಮೂರ್ತಿ, ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು, 2023ರಲ್ಲಿ ಒಂಟಿತನದ ಬಗ್ಗೆ ದೇಶಕ್ಕೆ ಎಚ್ಚರಿಕೆ ಕೊಟ್ಟರು. 15ರಿಂದ 24ರ ವಯಸ್ಸಿನವರು ಗೆಳೆಯರ ಜೊತೆ ಕಳೆಯುವ ಹೊತ್ತು ದಿನಕ್ಕೆ ಸುಮಾರು 150 ನಿಮಿಷ ಇದ್ದದ್ದು 2020ಕ್ಕೆ 40 ನಿಮಿಷಕ್ಕೆ ಇಳಿದಿತ್ತು. ಅದು ಕೊರೊನಾ ವರ್ಷ, ನಿಜ. ಆದರೆ ಇಳಿತ ಮೊದಲೇ ಶುರುವಾಗಿತ್ತು.

ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಗಣಪತಿ ಕೂರಿಸುವಾಗ ಹುಡುಗರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಚಂದಾ, ಚಪ್ಪರ, ಲೈಟು, ಕೊನೆಗೆ ಪಾತ್ರೆ ತೊಳೆಯುವುದು. ದೇವರೇ ಇಲ್ಲ ಅನ್ನುತ್ತಿದ್ದ ನಮ್ಮ ಅಣ್ಣನ ಕೈಯಲ್ಲೇ ಲೆಕ್ಕದ ಪುಸ್ತಕ. ಆದರೆ ನಮ್ಮ ಚಂದಾ ಬುಕ್ಕು ಒಂದು ಕೇರಿಗೆ ಮಾತ್ರ ಹೋಗುತ್ತಿರಲಿಲ್ಲ. ಯಾಕೆ ಅಂತ ಆಗ ನಾನು ಕೇಳಲೂ ಇಲ್ಲ.

ಚರ್ಚಿನ ಬೆಚ್ಚನೆಗೂ ಬೆಲೆ ಇದೆ. ನನ್ನ ಗೆಳೆಯ ಎರಡು ವರ್ಷದ ಮೇಲೆ ತನಗೆ ನಂಬಿಕೆ ಉಳಿದಿಲ್ಲ ಅಂದ. ಬುಧವಾರದ ಊಟವೂ ನಿಂತಿತು, ಫೋನೂ ನಿಂತಿತು. ನಮ್ಮ ದೇವಸ್ಥಾನದಲ್ಲಿ ಯಾರೂ ಹಾಗೆ ಹೊರಗೆ ಬೀಳುವುದಿಲ್ಲ. ಒಳಗೆ ಬಂದಿದ್ದಾರೆ ಅಂತ ಗೊತ್ತಾದರೆ ತಾನೆ?

ಇಲ್ಲಿ ನಮ್ಮವರಲ್ಲಿ ಮಕ್ಕಳಿಗೆ ಶ್ಲೋಕದ ಕ್ಲಾಸ್ ಇದೆ, ಹಿರಿಯರಿಗೆ ಕಮಿಟಿ ಇದೆ. ಇಪ್ಪತ್ತೈದರವರಿಗೆ ಸಾಲಿನಲ್ಲಿ ನಿಲ್ಲುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಅವರಿಗೆ ಪ್ರವಚನ ಬೇಡ, ಸೌಟು ಕೊಡಿ ಅನ್ನುತ್ತೇನೆ ನಾನು.

ಈಗ ತಿಂಗಳಿಗೊಂದು ಶನಿವಾರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ಕಳೆದ ಸಲ ರಾಯಚೂರಿನ ಹುಡುಗನೊಬ್ಬ ಸಿಕ್ಕ. "ದೇವರು ಗೀವರು ನಂಬಲ್ಲ ಸರ್, ಸುಮ್ನೆ ಊಟಕ್ಕೆ ಬಂದೆ" ಅಂದ. ಹೆಸರು ಕೇಳಿದೆ. ಬೀನ್ಸ್ ಹೆಚ್ಚಲು ಬರುತ್ತಾ ಅಂತಲೂ ಕೇಳಿದೆ.