ಆಯುಷ್ಮಾನ್ ಕಾರ್ಡಿಗೆ ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ: ಒಂದು ಸ್ಪಷ್ಟನೆ

‘ಆಯುಷ್ಮಾನ್ ಕಾರ್ಡ್ ತೋರಿಸಿದರೆ ಯಾವುದೇ ಮೆಡಿಕಲ್ ಅಂಗಡಿಯಲ್ಲಿ 5 ಲಕ್ಷ ರೂಪಾಯಿವರೆಗೆ ಔಷಧ ಉಚಿತ’ ಎಂಬ ಸಂದೇಶ ತಪ್ಪು. ಪರಿಶೀಲಿಸದೆ ನಾನೂ ಅದನ್ನು ಬಂಧುಗಳಿಗೆ ಕಳುಹಿಸಿದ್ದೆ, ಕ್ಷಮಿಸಿ.

5 ಲಕ್ಷ ಎಂಬುದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಸಿಗುವ ಆಸ್ಪತ್ರೆ ಚಿಕಿತ್ಸೆಯ ಮಿತಿ. ಯೋಜನೆಯ ನಿಯಮದಂತೆ ಪ್ರತಿ ಚಿಕಿತ್ಸೆಗೂ ನಿಗದಿತ ಪ್ಯಾಕೇಜ್ ದರವಿದೆ. ಒಳರೋಗಿಯಾಗಿದ್ದಾಗಿನ ಔಷಧ, ಮನೆಗೆ ಕಳುಹಿಸಿದ ನಂತರದ 15 ದಿನಗಳ ಔಷಧ, ಎರಡೂ ಆ ದರದೊಳಗೇ ಸೇರಿವೆ. ಹಾಗಾಗಿ ದಾಖಲಾದವರಿಗೆ ‘ಹೊರಗಿನಿಂದ ತನ್ನಿ’ ಎಂದು ಚೀಟಿ ಕೊಟ್ಟರೆ ದಯವಿಟ್ಟು ಸುಮ್ಮನಿರಬೇಡಿ, ಆಸ್ಪತ್ರೆಯಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗಲು ಇರುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕೇಳಿ.

ದಿನನಿತ್ಯದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಈ ಕಾರ್ಡಿನಲ್ಲಿ ಬರುವುದಿಲ್ಲ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಜನೌಷಧಿ ಕೇಂದ್ರದಲ್ಲಿ ಕಾರ್ಡಿಲ್ಲದೆಯೂ ಕಡಿಮೆ ಬೆಲೆಗೆ ಸಿಗುತ್ತದೆ.

ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.