ಹಿಟ್ಟಿನ ಸಾಕ್ಷಿ

ಐದು ಲೀಟರಿನ ಸ್ಟೀಲ್ ಪಾತ್ರೆಯ ತುಂಬ ದೋಸೆ ಹಿಟ್ಟನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರೆ, ಕಾರು ಅದನ್ನು ಮನುಷ್ಯನೆಂದೇ ಭಾವಿಸುತ್ತದೆ. ನಮ್ಮ ಗೇಟು ದಾಟುವುದರೊಳಗೆ ಕೀಂ ಕೀಂ ಎಂದು ಬಾಯಿ ಬಡಿದುಕೊಳ್ಳಲು ಶುರುಮಾಡಿತು. ಇಳಿದು ಪಾತ್ರೆಗೆ ಸೀಟ್ ಬೆಲ್ಟ್ ಬಿಗಿದೆ. ಸುಮ್ಮನಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ನೀವೂ ಹಾಕಿಕೊಳ್ಳಿ" ಎಂದಳು.

ಹಿಟ್ಟು ಹೋಗಬೇಕಾಗಿದ್ದು ನಾದಿನಿಯ ಮನೆಗೆ. ಭಾನುವಾರದ ಬೆಳಗ್ಗೆ ಅಲ್ಲಿ ಹದಿನೆಂಟು ಜನ ತಿಂಡಿಗೆ ಕಾದಿದ್ದರು. ಶನಿವಾರ ಸಂಜೆ ರುಬ್ಬಿಟ್ಟ ಹಿಟ್ಟು ರಾತ್ರಿಯಿಡೀ ಹುದುಗಿ, ಮುಚ್ಚಳಕ್ಕೆ ತಲೆ ತಾಗಿಸಿ ಕುಳಿತಿತ್ತು. ಮುಚ್ಚಳ ಬೀಳದಿರಲೆಂದು ಮೇಲೊಂದು ಹಳೆಯ ಪಂಚೆಯ ತುಂಡನ್ನು ಕಟ್ಟಿದ್ದೆವು. ನಮ್ಮ ಮನೆಗೂ ನಾದಿನಿಯ ಮನೆಗೂ ನಡುವೆ ಇರುವುದು ಎರಡೂವರೆ ಕಿಲೋಮೀಟರು ಮತ್ತು ಒಂದು ಸರ್ಕಲ್.

ಮೈಸೂರಿನವರಿಗೆ ಸರ್ಕಲ್ ಹೊಸದಲ್ಲ. ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರು, ಚಾಮರಾಜ ಸರ್ಕಲ್‌ನಲ್ಲಿ ಅವರ ತಂದೆಯವರು ಮಂಟಪದ ನೆರಳಿನಲ್ಲಿ ನಿಂತು ನಮ್ಮ ಚಾಲನೆಯನ್ನು ನೋಡುತ್ತಲೇ ಇದ್ದಾರೆ. ದೇವಸ್ಥಾನದ ಪ್ರದಕ್ಷಿಣೆಯ ಹಾಗೆಯೇ, ನಡುವೆ ಇರುವವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು, ಅಷ್ಟೆ. ಆದರೆ ಲೈಸೆನ್ಸ್ ಕೊಡುವಾಗ ನಮ್ಮಿಂದ ಎಂಟು ಬರೆಸುತ್ತಾರೆ. ಸೊನ್ನೆ ಬರೆಸುವುದಿಲ್ಲ.

ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಮಹಾರಾಜರೂ ಇಲ್ಲ, ಮಂಟಪವೂ ಇಲ್ಲ. ನೀರು ಬಾರದ ಒಂದು ಕಾರಂಜಿ, ಅದರ ಸುತ್ತ ಒಣಗಿದ ಹುಲ್ಲು. ಅಲ್ಲಿ ನಡೆದದ್ದನ್ನು ನನ್ನ ಕಡೆಯಿಂದ ಹೇಳುವುದಾದರೆ ಹೀಗೆ: ನಾನು ವೃತ್ತದೊಳಗೆ ಹೊರಅಂಚಿನಲ್ಲಿ ನನ್ನಷ್ಟಕ್ಕೆ ಸುತ್ತುತ್ತಿದ್ದೆ. ಒಳಅಂಚಿನಲ್ಲಿದ್ದ ಬೂದು ಬಣ್ಣದ ಕಾರೊಂದು ಎಡಕ್ಕೆ ಹೊರಳಿ ನನ್ನ ಮುಂದೆಯೇ ಹೊರಬೀಳಲು ನೋಡಿತು. ಢಬ್ ಎಂದಿತು. ಬೆಲ್ಟ್ ಹಾಕಿಕೊಂಡಿದ್ದ ಪಾತ್ರೆ ನಿಂತಿತು. ಬೆಲ್ಟ್ ಹಾಕಿಕೊಳ್ಳದ ಹಿಟ್ಟು ನಿಲ್ಲಲಿಲ್ಲ.

ಬೂದು ಕಾರಿನಿಂದ ಇಳಿದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಸ್ವೆಟರು, ಮಂಗನ ಟೋಪಿ. ಅವರ ಕಥೆ ಬೇರೆಯಾಗಿತ್ತು. ಅವರು ವೃತ್ತದಲ್ಲಿ ಸುತ್ತಿ ಬರುತ್ತಿದ್ದರಂತೆ, ನಾನು ಅಡ್ಡರಸ್ತೆಯಿಂದ ನಿಲ್ಲಿಸದೆ ನುಗ್ಗಿದೆನಂತೆ.

ಇಬ್ಬರೂ ಗಾಯ ನೋಡಿಕೊಂಡೆವು. ನನ್ನ ಬಲಗಡೆಯ ಹೆಡ್‌ಲೈಟ್ ಒಡೆದು, ಬಂಪರಿನ ಮೂಲೆ ಬಾಯಿ ಬಿಟ್ಟಿತ್ತು. ಅವರ ಎಡಗಡೆಯ ಮುಂಬಾಗಿಲು ಒಳಕ್ಕೆ ತಗ್ಗಾಗಿತ್ತು. ಸೊಗಸೆಂದರೆ, ನನ್ನ ಕಥೆ ನಿಜವಾದರೂ ಗಾಯ ಅಲ್ಲೇ ಆಗಬೇಕು, ಅವರ ಕಥೆ ನಿಜವಾದರೂ ಅಲ್ಲೇ ಆಗಬೇಕು. ಇದು ಹೊಳೆದ ಕೂಡಲೇ ನನಗೆ ಧೈರ್ಯ ಬಂದು ದನಿ ಏರಿಸಿದೆ.

ಅಷ್ಟರಲ್ಲಿ ಪಂಚಾಯಿತಿ ಸೇರಿತ್ತು. ಹೂವಿನ ಹೆಂಗಸು, ಇಬ್ಬರು ಆಟೋದವರು, ವಾಕಿಂಗ್ ಮುಗಿಸಿ ಕಾಫಿಗೆ ಹೊರಟಿದ್ದ ನಾಲ್ವರು. ನಮ್ಮ ರಸ್ತೆಗಳ ಮೊದಲ ಕಾನೂನು ದೊಡ್ಡ ಗಾಡಿಯದೇ ತಪ್ಪು ಎನ್ನುವುದು. ಲಾರಿಗೂ ಕಾರಿಗೂ ಆದರೆ ಲಾರಿಯದು, ಕಾರಿಗೂ ಸ್ಕೂಟರಿಗೂ ಆದರೆ ಕಾರಿನದು. ನಮ್ಮಿಬ್ಬರವೂ ಒಂದೇ ಅಳತೆಯ ಚಿಕ್ಕ ಕಾರುಗಳಾಗಿದ್ದರಿಂದ ಪಂಚಾಯಿತಿಗೆ ಪೇಚಾಯಿತು. ಎರಡನೆಯ ಕಾನೂನು, ಪರಊರಿನವನದು ತಪ್ಪು. ಒಬ್ಬರು ಎರಡೂ ನಂಬರ್ ಪ್ಲೇಟುಗಳನ್ನು ಬಗ್ಗಿ ನೋಡಿದರು. ಎರಡೂ ಕೆಎ-09. ಒಂದಾದರೂ ಬೆಂಗಳೂರಿನ 01 ಆಗಿದ್ದರೆ ಎಲ್ಲರೂ ಆಗಲೇ ಕಾಫಿ ಕುಡಿಯುತ್ತಿದ್ದರು.

ಹಿರಿಯರು ಮಾತ್ರ ಕೂಗಾಡಲಿಲ್ಲ. ನನ್ನ ಕಾರಿನ ಎಡಗಡೆಗೆ ಹೋಗಿ, ಕನ್ನಡಕ ಸರಿಪಡಿಸಿಕೊಂಡು, ಕಿಟಕಿಯೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪನಿಗೆ ಅಭಿಷೇಕವಾಗಿ, ಹಿಟ್ಟು ಏಸಿಯ ಕಿಂಡಿಗಳಿಂದ ಎಳೆಎಳೆಯಾಗಿ ಇಳಿಯುತ್ತಿತ್ತು.

"ಉದ್ದು ಸ್ವಲ್ಪ ಹೆಚ್ಚಾಗಿದೆ" ಎಂದರು ಮೊದಲು. ಆಮೇಲೆ, "ನೀವು ವೃತ್ತದಲ್ಲಿ ಸುತ್ತುತ್ತಿದ್ದಿರಿ ಅಲ್ಲವೇ? ಅಂದರೆ ಬಲಕ್ಕೆ ತಿರುಗುತ್ತಿದ್ದಿರಿ."

"ಹೌದು."

"ಬಲಕ್ಕೆ ತಿರುಗುವ ಕಾರಿನಲ್ಲಿ ಹಿಟ್ಟು ಎಡಕ್ಕೆ ಚೆಲ್ಲಬೇಕು. ನಿಮ್ಮ ಎಡಬಾಗಿಲಿನ ಮೇಲೆ ಒಂದು ಹನಿಯೂ ಇಲ್ಲ. ಎಲ್ಲವೂ ಮೂಗಿನ ನೇರಕ್ಕೆ ಹೋಗಿದೆ. ನೀವು ನೇರವಾಗಿ ಬರುತ್ತಿದ್ದಿರಿ. ಈ ರಸ್ತೆಯಿಂದ."

ಅವರು ಮೂವತ್ತೊಂದು ವರ್ಷ ಭೌತಶಾಸ್ತ್ರದ ಮೇಷ್ಟರಾಗಿದ್ದರೆಂದು ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಪಂಚಾಯಿತಿಯವರೆಲ್ಲ ಸಾಲಾಗಿ ಬಂದು ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಹೂವಿನ ಹೆಂಗಸು ನನ್ನ ಹೆಡ್‌ಲೈಟಿನ ಚೂರುಗಳನ್ನು ಕಾಲಿನಿಂದ ತೋರಿಸಿ, "ಚೂರೂ ರಸ್ತೆಯ ಬಾಯಲ್ಲೇ ಬಿದ್ದಿವೆ" ಎಂದಳು. ಆಕೆಯಿಂದ ವಾರಕ್ಕೆರಡು ಮೊಳ ಸೇವಂತಿಗೆ ಕೊಳ್ಳುವವನು ನಾನು.

ಈಗ ಒಪ್ಪಿಕೊಳ್ಳುತ್ತೇನೆ. ವೃತ್ತದ ಬಾಯಿಗೆ ಬಂದಾಗ ನಾನು ಬಲಕ್ಕೆ ನೋಡಲಿಲ್ಲ. ಪಾತ್ರೆಯ ಪಂಚೆಯ ಗಂಟು ಸಡಿಲವಾಗಿದೆಯೇನೋ ಎಂದು ಎಡಕ್ಕೆ ನೋಡುತ್ತಿದ್ದೆ. ಕೂಡುರಸ್ತೆಗೆ ಬರುವವನು ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ನಮ್ಮಲ್ಲಿ ವೃತ್ತ ಸುತ್ತುವವರು ಬಲಗಡೆಯಿಂದಲೇ ಬರುತ್ತಾರೆ. ಇನ್ನೇನೂ ಕಲಿಯಬೇಕಾಗಿಲ್ಲ. ಸಮಾಧಾನಕ್ಕೆಂದು ಅಂದು ರಾತ್ರಿ ಹುಡುಕಿದಾಗ ಸಿಕ್ಕಿದ್ದು ಇದು: ಬ್ರಿಟನ್ನಿನವರು ಒಳಗಿರುವವರಿಗೆ ಮೊದಲ ಹಕ್ಕು ಎಂಬ ನಿಯಮ ತಂದದ್ದು 1966ರಲ್ಲಿ. ಅಲ್ಲಿಯವರೆಗೆ ಅವರ ವೃತ್ತಗಳಲ್ಲೂ ಗಾಡಿಗಳು ಒಂದರ ಬಾಲಕ್ಕೆ ಒಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವಂತೆ.

ಮೇಷ್ಟರು ದುಡ್ಡು ಕೇಳಲಿಲ್ಲ. ತಮ್ಮ ಬಾಗಿಲನ್ನು ತಮ್ಮ ವಿಮೆಯಲ್ಲೇ ಮಾಡಿಸಿಕೊಳ್ಳುವುದಾಗಿ ಹೇಳಿ, "ಪಾತ್ರೆಯಲ್ಲಿ ಉಳಿದದ್ದು ಎಷ್ಟಿದೆ?" ಎಂದು ವಿಚಾರಿಸಿ ಹೊರಟುಹೋದರು. ಒಂದೂವರೆ ಲೀಟರ್ ಉಳಿದಿತ್ತು. ಹದಿನೆಂಟು ಜನಕ್ಕೆ ತಲಾ ಒಂದೊಂದು ದೋಸೆ, ಜೊತೆಗೆ ಉಪ್ಪಿಟ್ಟು. ನಾದಿನಿಯ ಮನೆಯವರು ಈಗಲೂ ನನ್ನ ತಟ್ಟೆಗೆ ಮೊದಲು ಉಪ್ಪಿಟ್ಟನ್ನೇ ಬಡಿಸುತ್ತಾರೆ.

ತಮಾಷೆಯೆಂದರೆ, ಸ್ವಂತ ಕಾರಿನ ರಿಪೇರಿಗೆ ವಿಮೆಯವರು ತಪ್ಪು ಯಾರದೆಂದು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಸರ್ಕಲ್‌ನಲ್ಲಿ ನಾನು ಸುರಿಸಿದ ವಾದವೆಲ್ಲ ದಂಡ. ಅವರ ನಮೂನೆಯಲ್ಲಿ ಅಪಘಾತದ ವಿವರ ಬರೆಯಲು ನಾಲ್ಕು ಸಾಲು, ನಕ್ಷೆ ಬಿಡಿಸಲು ಒಂದು ಚೌಕ. ನಾನು ಬಿಡಿಸಿದ ವೃತ್ತ ಮೂರು ಸಲವೂ ಬದನೆಕಾಯಿಯಂತೆ ಬಂತು. ಕಡೆಗೆ ಹೆಂಡತಿ ಬಳೆಯಿಟ್ಟು ವೃತ್ತ ಎಳೆದು, ನನ್ನ ಕಾರಿನ ಬಾಣವನ್ನು ಅದರ ಹೊರಗಿನಿಂದಲೇ ಶುರುಮಾಡಿದಳು. ಮೂರು ವರ್ಷ ಕ್ಲೇಮು ಮಾಡದೆ ಗಳಿಸಿದ್ದ ಮೂವತ್ತೈದು ಶೇಕಡಾ ರಿಯಾಯಿತಿ ಆ ಬಾಣದ ತುದಿಯಲ್ಲಿ ಹೋಯಿತು.

ನಷ್ಟ ಲೆಕ್ಕ ಹಾಕುವ ವಿಮೆಯ ಸರ್ವೇಯರ್ ಗ್ಯಾರೇಜಿಗೆ ಬಂದದ್ದು ಮಂಗಳವಾರ. ಅಷ್ಟರಲ್ಲಿ ಹಿಟ್ಟು ಕಿಂಡಿಗಳೊಳಗೆ ಎರಡನೆಯ ಸಲ ಹುದುಗಿ, ಬಾಗಿಲು ತೆಗೆದೊಡನೆ ಅವರು ಕರವಸ್ತ್ರ ಹುಡುಕುವಂತಾಗಿತ್ತು. ಬಂಪರ್ ಪ್ಲಾಸ್ಟಿಕ್, ಆದ್ದರಿಂದ ಐವತ್ತು ಶೇಕಡಾ ಸವಕಳಿ ಕಳೆಯುತ್ತೇವೆ ಎಂದರು. ಗಾಜಿಗಾದರೆ ಸವಕಳಿ ಇಲ್ಲ, ಆದರೆ ನಿಮ್ಮ ಗಾಜು ಒಡೆದಿಲ್ಲವಲ್ಲ ಎಂದು ಮರುಗಿದರು. ನಾನು ಸುಮ್ಮನಿರದೆ, ಹಿಟ್ಟನ್ನೂ ನಷ್ಟದ ಪಟ್ಟಿಗೆ ಸೇರಿಸಲು ಬರುತ್ತದೆಯೇ ಎಂದು ಕೇಳಿದೆ.

"ಅದಕ್ಕೆಷ್ಟು ಸವಕಳಿ ಹಿಡಿಯಬೇಕು ಸಾರ್?" ಎಂದರು ಅವರು, ಪೆನ್ನಿನ ಮುಚ್ಚಳ ಹಾಕುತ್ತ.

"ಸವಕಳಿ ಎಲ್ಲಿಯದು? ಶನಿವಾರ ರಾತ್ರಿ ಎರಡೂವರೆ ಲೀಟರ್ ಇತ್ತು, ಬೆಳಗಾಗುವುದರೊಳಗೆ ಐದಾಗಿತ್ತು."