ಸೈಲೆನ್ಸ್ ಬೇಕಂತೆ, ಫೈವ್‌ಜಿನೂ ಇರ್ಬೇಕಂತೆ

ವೈಟ್‌ಫೀಲ್ಡಲ್ಲಿರೋ ನಮ್ಮಣ್ಣನ ಮಗ ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿ "ಚಿಕ್ಕಪ್ಪ, ತುಮರಿ ಕಡೆ ಒಂದೆಕರೆ ಸಿಗತ್ತಾ? ಹಿನ್ನೀರು ಕಾಣ್ಬೇಕು, ಅಕ್ಕಪಕ್ಕ ಮನೆ ಇರ್ಬಾರ್ದು" ಅಂದ. ತುಮರಿ ಅಂದ್ರೆ ಸಾಗರ ತಾಲೂಕಲ್ಲಿ ಶರಾವತಿ ಹಿನ್ನೀರಿನಾಚೆ ಇರೋ ನಮ್ಮೂರ ಕಡೆ. ಯಾಕೋ ಮಾರಾಯ ಅಂದ್ರೆ, "ಸೈಲೆನ್ಸ್ ಚಿಕ್ಕಪ್ಪ, ಇಲ್ಲಿ ತಲೆ ಸಿಡೀತಿದೆ" ಅಂದ. ಇವರಪ್ಪ, ಅಂದ್ರೆ ನಮ್ಮಣ್ಣ, ಅದೇ ಹೊಳೆಯಾಚೆ ಇದ್ದ ತನ್ನ ಪಾಲಿನ ತೋಟ ಮಾರಿ ಆ ವೈಟ್‌ಫೀಲ್ಡ್ ಫ್ಲಾಟಿಗೆ ಅಡ್ವಾನ್ಸ್ ಕೊಟ್ಟಿದ್ದು. ಸೈಲೆನ್ಸ್ ಮಾರಿ ಫ್ಲಾಟ್ ತಗೊಂಡ ಮನೆಯಲ್ಲಿ ಈಗ ಫ್ಲಾಟ್ ಮೇಲೆ ಲೋನ್ ಎತ್ತಿ ಸೈಲೆನ್ಸ್ ವಾಪಸ್ ತಗೊಳ್ಳೋ ಯೋಚನೆ ನಡೀತಿದೆ. ಮಧ್ಯದಲ್ಲಿ ಉದ್ಧಾರ ಆಗಿದ್ದು ಬ್ಯಾಂಕು.

ನಾನೂ ಸಾಚಾ ಅಲ್ಲ ಬಿಡಿ. ನಾನು ಹೊಳೆ ದಾಟಿ ಸಾಗರಕ್ಕೆ ಬಂದು ಮೂವತ್ತು ನಲವತ್ತರ ಸೈಟಲ್ಲಿ ಮನೆ ಕಟ್ಟಿಸಿದ್ದು ಮದುವೆಗೋಸ್ಕರ. ಆಗ ಹೆಣ್ಣು ಕೇಳೋಕೆ ಹೋದ ಕಡೆಯೆಲ್ಲ ಜಾತಕಕ್ಕಿಂತ ಮೊದಲು ಬರ್ತಿದ್ದ ಪ್ರಶ್ನೆ ಒಂದೇ, "ಲಾಂಚ್ ದಾಟ್ಬೇಕಾ?" (ಲಾಂಚ್ ಅಂದ್ರೆ ಜನ, ವಾಹನ ಎರಡನ್ನೂ ಹಿನ್ನೀರು ದಾಟಿಸೋ ದೋಣಿ.) ಹೌದು ಅಂದ್ರೆ ಮುಗೀತು, ಒಳಗಿಂದ ಬರ್ತಿದ್ದ ಕಾಫಿ ಕೂಡ ಅರ್ಧ ದಾರೀಲಿ ತಣ್ಣಗಾಗ್ತಿತ್ತು. ತೋಟ ಎಷ್ಟೆಕರೆ ಇದ್ರೂ, ಹುಡುಗ ಎಂಥ ಒಳ್ಳೆಯವನಾದ್ರೂ, ಲಾಂಚ್ ಅಂದ್ರೆ ಅದು ಅಂಗವಿಕಲತೆ ಇದ್ದ ಹಾಗೆ. ಈಗ ಅದೇ ಮಾವ ನಮ್ಮನೆ ಜಗಲಿ ಮೇಲೆ ಕೂತು "ಎಂಥ ಚಂದದ ಊರು ಬಿಟ್ ಬಂದ್ರಿ ನೀವು, ಅಲ್ಲೇ ಒಂದು ಹೋಮ್‌ಸ್ಟೇ ಮಾಡ್ಬಹುದಿತ್ತಲ್ಲ" ಅಂತಾರೆ. ಇನ್ನೊಂದು ಲೋಟ ಕಾಫಿ ಕೊಡೇ ಅಂದು ಸುಮ್ಮನಾಗ್ತೀನಿ.

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ನಮ್ಮೂರು ಹುಟ್ಟಾ ದ್ವೀಪ ಅಲ್ಲ, ಸರ್ಕಾರ ಮಾಡಿದ ದ್ವೀಪ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರೂರೇ ಮುಳುಗಿ, ಕರೂರು ಬಾರಂಗಿ ಕಡೆಯೋರು ಆಚೆ ಉಳಿದ್ರು. ಭೂಗೋಳದ ಮೇಷ್ಟ್ರು ಬಂದು ಅದು ದ್ವೀಪ ಅಲ್ಲ ಕಣ್ರೋ, ಮೂರು ಕಡೆ ಮಾತ್ರ ನೀರು, ಇನ್ನೊಂದು ಕಡೆ ಕಾಡಿದೆ ಅಂತಾರೆ. ಆ ಕಾಡಲ್ಲಿ ಮಳೆಗಾಲದ ರಾತ್ರಿ ಹೊಸನಗರದ ಕಡೆ ಸುತ್ತು ಹಾಕಿ ಆಸ್ಪತ್ರೆಗೆ ಜೀಪ್ ಹೊಡೆದೋರಿಗೆ ಅದೂ ನೀರೇ.

ನಮ್ಮ ನೀರಿಂದ ಬೆಂಗಳೂರಿಗೆ ಕರೆಂಟ್ ಹೋಯ್ತು, ನಮ್ಮಜ್ಜಿ ಸೀಮೆಎಣ್ಣೆ ಬುಡ್ಡಿ ಇಟ್ಕೊಂಡು ವರ್ಷಗಟ್ಟಲೆ ಅಡಿಕೆ ಸುಲಿದಳು. ಆಮೇಲೆ 2019ರಲ್ಲಿ ಬೆಂಗಳೂರಿಗೆ ಕುಡಿಯೋಕೆ ಲಿಂಗನಮಕ್ಕಿ ನೀರೇ ತಗೊಂಡ್ ಹೋಗೋಣ ಅಂತ ಪ್ಲ್ಯಾನ್ ಬಂತು, ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು, ಸದ್ಯಕ್ಕೆ ತಣ್ಣಗಾಯ್ತು. (ಈಗ ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸಿ ಕರೆಂಟ್ ಮಾಡೋ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಅಂತ ಇನ್ನೊಂದಿದೆ, ಅದನ್ನ ಶುರು ಮಾಡಿದ್ರೆ ಈ ಕಾಲಂ ಸಾಲಲ್ಲ.) ಬೆಳಕು ತಗೊಂಡಾಯ್ತು, ನೀರು ಕೇಳಿದ್ದಾಯ್ತು, ಇನ್ನೇನು ಉಳಿದಿತ್ತಪ್ಪ ನಮ್ಮತ್ರ ಅಂತ ನೋಡಿದ್ರೆ ಸೈಲೆನ್ಸ್ ಉಳಿದಿತ್ತು. ಅದಕ್ಕೇ ಈಗ ರಾತ್ರಿ ಹತ್ತೂವರೆಗೆ ಫೋನು.

ಆ ಸೈಲೆನ್ಸ್ ಹೆಂಗಿರ್ತಿತ್ತು ಅಂತ ಹೇಳ್ತೀನಿ ಕೇಳಿ. ಸಂಜೆ ಊರಿನ ಹಳೇ ಮನೆಗೆ ಹೋಗೋಕೆ, ಸಾಗರದ ಕಡೆ ಲಾಂಚ್ ಹತ್ತೋ ಜಾಗವಾದ ಅಂಬಾರಗೋಡ್ಲು ಕಡವಿನಲ್ಲಿ ನಿಂತಿರ್ತೀರಿ. ಕೈಯಲ್ಲಿ ಸಾಗರದಿಂದ ತಂದ ಮಾತ್ರೆ ಪೊಟ್ಟಣ, ಒಂದು ಚೀಲ ಪಶು ಆಹಾರ, ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯಲ್ಲಿ ಮರೆತುಹೋದ ಇಂಗು. ಲಾಂಚ್ ಆಚೆ ದಡದಿಂದ ಹೊರಟಿದ್ದು ಕಾಣ್ತಾ ಇರತ್ತೆ, ಆದ್ರೆ ಬರ್ತಾನೇ ಇರಲ್ಲ. ಬಂದ ಮೇಲೆ ಸಿಗಂದೂರು ದೇವಸ್ಥಾನಕ್ಕೆ ಹೊರಟ ಇನ್ನೋವಾಗಳು ಒಂದರ ಹಿಂದೆ ಒಂದು ಹತ್ತುತ್ತವೆ, ಬಸ್ಸೂ ಅದೇ ಲಾಂಚ್ ಹತ್ಬೇಕು, ಇನ್ನೋವಾದಿಂದ ಇಳಿದೋರು ಮಸಾಲೆ ಹಾಕಿದ ಅನಾನಸ್ ತಿನ್ಕೊಂಡು "ವಾವ್, ಎಷ್ಟು ಪೀಸ್‌ಫುಲ್ ಅಲ್ವಾ" ಅಂತ ರೀಲ್ಸ್ ಮಾಡ್ತಾರೆ, ಅವರ ವಿಡಿಯೋ ಹಿಂದುಗಡೆ ಮಸುಕಾಗಿ ಪಶು ಆಹಾರದ ಚೀಲ ಹೊತ್ತು ನಿಂತಿರೋ ಪ್ರಾಣಿ ನಾನು. ಬೇಸಿಗೇಲಿ ನೀರಿಳಿದ್ರೆ ವಾಹನ ಹತ್ತಿಸಲ್ಲ ಅಂತ ಬೋರ್ಡು. ಸಂಜೆ ಕೊನೇ ಲಾಂಚ್ ಹೋಯ್ತೋ, ಆಮೇಲೆ ನಿಜವಾಗ್ಲೂ ಸೈಲೆನ್ಸು. ಹೆರಿಗೆ ನೋವು ಬಂದ್ರೂ ಸೈಲೆನ್ಸು, ಹಾವು ಕಚ್ಚಿದ್ರೂ ಸೈಲೆನ್ಸು. ಫೋನ್ ಸೈಲೆಂಟ್ ಮೋಡಲ್ಲಿ ಇಡೋದೇ ಬೇಡ, ಟವರೇ ಇಡ್ತಿತ್ತು. ನೋ ನೆಟ್‌ವರ್ಕ್ ನೋ ವೋಟಿಂಗ್ ಅಂತ ನಮ್ಮೋರು ಬ್ಯಾನರ್ ಹಿಡ್ಕೊಂಡಿದ್ದು ಇದಕ್ಕೇ. ಬೆಂಗಳೂರಲ್ಲಿ ಇದನ್ನೇ ಡಿಜಿಟಲ್ ಡಿಟಾಕ್ಸ್ ಅಂತ ಒಂದು ರಾತ್ರಿಗೆ ಇಷ್ಟು ಅಂತ ದುಡ್ಡಿಗೆ ಮಾರ್ತಾರಂತೆ. ಗೊತ್ತಿದ್ರೆ ಬ್ಯಾನರ್ ಬದಲು ಬಿಲ್ ಬುಕ್ ಹಿಡ್ಕೊಳ್ತಿದ್ವಿ.

ಅಂತೂ ಸೇತುವೆ ಆಯ್ತು. 2.44 ಕಿಲೋಮೀಟರ್, ಕೇಬಲ್ ಸ್ಟೇಡ್ ಅಂತೆ, 400 ಕೋಟಿಗೂ ಮೇಲೆ ಖರ್ಚು. 2025ರ ಜುಲೈ 14ಕ್ಕೆ ಗಡ್ಕರಿ ಬಂದು ಉದ್ಘಾಟನೆ ಮಾಡಿದ್ರು, ಮುಖ್ಯಮಂತ್ರಿ ಸಿದ್ದರಾಮಯ್ಯ ನಂಗೆ ಮೊದಲೇ ತಿಳಿಸಿಲ್ಲ ಅಂತ ಬರಲೇ ಇಲ್ಲ, ಆಮೇಲೆ ಕರೆದಿದ್ವಿ, ಇಲ್ಲ ಕರೆದಿಲ್ಲ, ಇಗೋ ಪತ್ರ, ಯಾವ ತಾರೀಖಿನ ಪತ್ರ ಅಂತ ಎರಡು ದಿನ ಟೀವೀಲಿ ಅದೇ. ಅರವತ್ತು ವರ್ಷ ನಮ್ಮನ್ನ ಯಾವುದಕ್ಕೂ ಯಾರೂ ಕರೆದಿರಲಿಲ್ಲ, ಹಾಗಾಗಿ ಈ ಕರೆಯೋಲೆ ದುಃಖ ಎಷ್ಟು ದೊಡ್ಡದು ಅಂತ ನಮ್ಗೆ ಸರಿಯಾಗಿ ಅಂದಾಜಾಗಲಿಲ್ಲ.

ಸೇತುವೆ ಆದ ದಿನದಿಂದ ಒಂದು ವಿಚಿತ್ರ ಶುರುವಾಯ್ತು ನೋಡಿ. ನಿಜವಾದ ದ್ವೀಪ ಆಗಿದ್ದಾಗ ಪುಕ್ಕಟೆ ಕೊಡ್ತೀವಿ ಅಂದ್ರೂ ಯಾರಿಗೂ ಬೇಡವಾಗಿತ್ತು, ಈಗ ದ್ವೀಪ ಅಲ್ಲ ಅಂತಾದ ಮೇಲೆ ಎಲ್ರಿಗೂ ದ್ವೀಪದಲ್ಲಿ ಜಾಗ ಬೇಕು. ಬ್ರೋಕರ್ ಒಬ್ಬ ನಂಗೆ ಕಳಿಸಿದ ಮೆಸೇಜಲ್ಲಿ "ಶಾಂತ ದ್ವೀಪದ ಬದುಕು, ಬ್ರಿಡ್ಜಿಂದ ಐದೇ ನಿಮಿಷ" ಅಂತಿತ್ತು, ಪಕ್ಕದಲ್ಲಿ ತೆಂಗಿನ ಮರ, ಬಿಳಿ ಮರಳು, ನೀಲಿ ಸಮುದ್ರದ ಫೋಟೋ. ನಮ್ಮ ಹಿನ್ನೀರಲ್ಲಿ ಬೇಸಿಗೇಲಿ ಎದ್ದು ಕಾಣೋದು ಅರುವತ್ತು ವರ್ಷದ ಹಿಂದೆ ಮುಳುಗಿದ ಮರದ ಬೊಡ್ಡೆ ಮಾರಾಯ್ರೆ.

ಅಣ್ಣನ ಮಗ ನೋಡ್ಕೊಂಡೇ ಹೋಗ್ತೀನಿ ಅಂತ ಹೆಂಡತಿ ಮಗು ಕರ್ಕೊಂಡು ಬಂದ. ಮೊದಲು ಸಾಗರದಲ್ಲಿ ನಮ್ಮನೇಲಿ ತಿಂಡಿ, ಅವನ ಹೆಂಡತಿ "ಸಾಗರ ಎಷ್ಟು ಕನ್ವೀನಿಯೆಂಟ್ ಅಲ್ವಾ ಚಿಕ್ಕಪ್ಪ, ಸ್ಕೂಲ್ ಇದೆ, ರೈಲಿದೆ, ಹಾಸ್ಪಿಟಲ್ ಇದೆ" ಅಂದ್ಲು. ಇದೆಯಮ್ಮಾ, ಸ್ವಲ್ಪ ಸೀರಿಯಸ್ ಆದ್ರೆ "ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ" ಅಂತ ಬೇಗ ಹೇಳೋಕೆ ಇಲ್ಲಿ ಡಾಕ್ಟ್ರು ಇದಾರೆ, ಹೊಳೆಯಾಚೆ ಅದನ್ನ ಹೇಳೋರೂ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ ಅಂದೆ. ಅವಳಿಗೆ ಜೋಕ್ ಅನ್ಸಿ ನಕ್ಕಳು.

ಆಮೇಲೆ ಊರಿಗೆ ಹೋದ್ವಿ. ಜಾಗ ನೋಡಿದ, ಖುಷಿಯಾದ. "ಟೈಟಲ್ ಕ್ಲಿಯರ್ ಇರ್ಬೇಕು ಚಿಕ್ಕಪ್ಪ" ಅಂದ. ಮುಳುಗಡೆ ಸಂತ್ರಸ್ತರು ಹಕ್ಕುಪತ್ರ ಕೊಡಿ ಅಂತ ಮೂರು ತಲೆಮಾರಿಂದ ಅದನ್ನೇ ಕೇಳ್ತಿದಾರೆ, ನೀನೂ ಒಂದರ್ಜಿ ಹಾಕು ಅಂದೆ. ರಾತ್ರಿ ಹಳೇ ಮನೇಲೇ ಮಲಗಿದ. ಮಳೆಗಾಲದ ಮಲೆನಾಡಲ್ಲಿ ಸೈಲೆನ್ಸ್ ಎಲ್ಲಿಂದ ಬರ್ಬೇಕು? ಹಂಚಿನ ಮೇಲೆ ಮಳೆ, ತೋಟದಲ್ಲಿ ಕಪ್ಪೆ, ಜೀರುಂಡೆ, ಕೊಟ್ಟಿಗೇಲಿ ಎಮ್ಮೆ, ಇದರ ಮಧ್ಯೆ ಕಾಲಿಗೆ ಹತ್ತಿದ ರಕ್ತ ಹೀರೋ ಉಂಬಳ ನೋಡಿ ಅವನ ಹೆಂಡತಿ ಕಿರುಚಿದ್ದು ಬೇರೆ. ಬೆಳಿಗ್ಗೆ ಏಳಕ್ಕೇ ಅಂಗಳದಲ್ಲಿ ಫೋನ್ ಎತ್ತಿ ಹಿಡ್ಕೊಂಡು ಆರತಿ ಎತ್ತೋ ಹಾಗೆ ಸುತ್ತು ಹಾಕ್ತಿದ್ದ, ಎರಡು ಕಡ್ಡಿ ಸಿಗ್ನಲ್ ಬರೋದು ಗೊಬ್ಬರದ ಗುಂಡಿ ಹತ್ರ ಮಾತ್ರ, ಅಲ್ಲೇ ನಿಂತು ಅರ್ಧ ಮೀಟಿಂಗ್ ಮುಗಿಸಿದ. ಕ್ಯಾಮೆರಾ ಆಫ್ ಮಾಡಿದ್ದ, ಪುಣ್ಯ.

ತಿರುಗಿ ಬರೋವಾಗ ಸೇತುವೆ ಮೇಲೆ ಕಾರ್ ನಿಲ್ಸಿ ಸೆಲ್ಫಿ. ನಮ್ಮ ಹಿಂದೆ ಮುಂದೆ ಇನ್ನೂ ಹದಿನೈದು ಕಾರು ನಿಂತಿತ್ತು, ಎಲ್ಲಾ ಹಾರ್ನು. ಅವನು ರೇಲಿಂಗಿಗೆ ಒರಗಿ ಬಹಳ ಹೊತ್ತು ನೀರು ನೋಡ್ತಾ ನಿಂತವನು ಬೇಜಾರಲ್ಲಿ ಹೇಳಿದ, "ಎಲ್ಲಾ ಸರಿ ಚಿಕ್ಕಪ್ಪ, ಆದ್ರೆ ಈ ಬ್ರಿಡ್ಜಿಂದ ಐಲ್ಯಾಂಡ್ ಫೀಲ್ ಹಾಳಾಗೋಯ್ತು. ಸಂಜೆ ಆರಕ್ಕೆ ಒಂದು ಗೇಟ್ ಹಾಕೋ ಹಾಗಿದ್ರೆ ಚೆನ್ನಾಗಿರ್ತಿತ್ತು."

ಕೀಲಿಕೈ ಯಾರ ಹತ್ರ ಇರ್ಬೇಕಪ್ಪ ಅಂತ ಕೇಳಿದೆ.

"ನಮ್ಮ ಲೇಔಟ್ ಸೆಕ್ಯೂರಿಟಿ ಹತ್ರ" ಅಂದ.